ಖಾಲಿ ಕಂಪ್ಯೂಟರ್ ಮನೆಗೆ ತರಬಾರದು

ಕಂಪ್ಯೂಟರ್ ಕೊಳ್ಳುವುದಕ್ಕೆ ಯಾರಾದರೂ ಹೆದರುತ್ತಾರೆಯೇ? ನಾನು ಹೆದರಿದೆ. ಕಂಪ್ಯೂಟರಿನ ಭಯವಲ್ಲ ಅದು, ಅದರೊಳಗೆ ಹೋಗಬೇಕಾಗಿದ್ದ ಅಕ್ಕನ ದನಿಯ ಭಯ.

ಮಧುಗಿರಿಯ ನಮ್ಮ ಮನೆಯಲ್ಲಿ ಇರುವವರು ನಾನು, ಅಕ್ಕ ಇಬ್ಬರೇ. ಬಳಗದಲ್ಲಿ ಯಾವ ಮಗುವನ್ನು ತೊಟ್ಟಿಲಿಗೆ ಹಾಕಿದರೂ ಜೋಗುಳ ಅಕ್ಕನದೇ. ಎರಡು ವರ್ಷದ ಹಿಂದೆ ಅವಳಿಗೆ ಗಂಟಲಿನ ಆಪರೇಷನ್ ಆಯಿತು. ಜೀವ ಉಳಿಯಿತು, ಮಾತು ಹೋಯಿತು. ಈಗ ಅವಳ ಮಗಳಿಗೇ ಹೆಣ್ಣುಮಗು ಹುಟ್ಟಿದೆ. ಆ ತೊಟ್ಟಿಲಿಗೆ ಅಜ್ಜಿಯ ಹಾಡಿಲ್ಲದಿದ್ದರೆ ಹೇಗೆ? ನಾನು ವರ್ಷಗಟ್ಟಲೆ ಫೋನಿನಲ್ಲಿ ಹಿಡಿದಿದ್ದ ಜೋಗುಳಗಳೆಲ್ಲ ಮನೆಯ ಹಳೇ ಕಂಪ್ಯೂಟರಿನಲ್ಲಿದ್ದವು, ಬೇರೆಲ್ಲೂ ಇರಲಿಲ್ಲ. ಅವನ್ನು ಕತ್ತರಿಸಿ ಜೋಡಿಸಿ ಒಂದು ವಿಡಿಯೋ ಮಾಡಿಕೊಡುತ್ತೇನೆಂದು ನಾನೇ ಜಂಬ ಕೊಚ್ಚಿದ್ದೆ. ಎರಡು ತುಣುಕು ಸೇರಿಸುವಷ್ಟರಲ್ಲಿ ಆ ಮುದಿ ಯಂತ್ರ ಬುಸುಗುಟ್ಟಿ ನಿಂತುಬಿಡುತ್ತಿತ್ತು. ಅದು ನಿಂತಾಗಲೆಲ್ಲ ಹಾಡುಗಳೂ ಹೋದವೇ ಎಂದು ಮತ್ತೆ ಹಾಕಿ ನೋಡುತ್ತಿದ್ದೆ.

ಹಳೆಯದನ್ನು ಕೊಟ್ಟು ಹೊಸದನ್ನು ತರೋಣವೆಂದು ಅದನ್ನೂ ಹೊತ್ತುಕೊಂಡು ಇಬ್ಬರೂ ಶಿರಾದ ಅಂಗಡಿಗೆ ಹೋದೆವು. ಅಂಗಡಿಯವರು ಗಡ್ಡ ನೆರೆತ ಸಾಹೇಬರು. "ವಿಡಿಯೋ ಎಡಿಟಿಂಗ್ ಅಂದ್ರೆ ಹದಿನಾರು ಜಿಬಿ ರ‍್ಯಾಮ್ ಬೇಕೇ ಬೇಕಮ್ಮಾ. ಡಿಸ್ಕು ಎಸ್‌ಎಸ್‌ಡಿ ಇರ್ಲಿ, ಬೇಗ ಓಡ್ತದೆ. ಮನೆ ವಿಡಿಯೋಗೆ ಗ್ರಾಫಿಕ್ಸ್ ಕಾರ್ಡ್ ಸಾದಾ ಸಾಕು" ಎಂದರು. ದುಬಾರಿಯದನ್ನು ತಲೆಗೆ ಕಟ್ಟಲಿಲ್ಲವಲ್ಲ ಎಂದು ಸ್ವಲ್ಪ ಉಸಿರಾಡಿದೆ. ಅಷ್ಟರಲ್ಲಿ, "ಹೊರಗಡೆ ಸಿಕ್ಕಿಸೋ ಡಿಸ್ಕು ಒಂದು ತಗೊಂಡು ಅದ್ರಲ್ಲೂ ಒಂದು ಕಾಪಿ ಇಟ್ಕೊಳ್ಳಿ" ಎಂದುಬಿಟ್ಟರು. ನನಗೆ ಸಿಟ್ಟು ನೆತ್ತಿಗೇರಿತು. "ಒಂದು ತಗಳ್ಳಾಕೆ ಬಂದವ್ರಿಗೆ ಎರಡು ಕಟ್ತೀರಾ? ಬ್ಯಾಡ ಬುಡಿ!" ಎಂದೆ.

ನಮ್ಮಲ್ಲಿ ಹೊಸ ಪಾತ್ರೆಯನ್ನು ಖಾಲಿಯಾಗಿ ಹೊಸಿಲು ದಾಟಿಸುವುದಿಲ್ಲ. ಹಿಡಿ ಅಕ್ಕಿಯೋ ಚೂರು ಬೆಲ್ಲವೋ ಹಾಕಿಕೊಂಡೇ ಒಳಗೆ ತರುತ್ತೇವೆ. ಕಂಪ್ಯೂಟರ್ ಮಾತ್ರ ಯಾಕೆ ಖಾಲಿ ಬರಬೇಕು? ಅಂಗಡಿಯಲ್ಲೇ ತುಂಬಿಸಿಕೊಂಡು ಹೋಗಬೇಕೆಂದು ಹಟ ಹಿಡಿದೆ. ಇನ್ನೊಂದು ಭಯವೂ ಇತ್ತು: ನಮ್ಮ ಮನೆ ಹೆಂಗಸರ ವಿಡಿಯೋ ಕಂಡವರ ಕೈಗೆ ಸಿಕ್ಕರೆ?

"ಒಂದೂ ಬಿಡದಂಗೆ ಎತ್ತಿ ಹೊಸದ್ರಾಗೆ ಹಾಕಿ. ಹಳೇದನ್ನ ಪೂರ್ತಿ ಒರೆಸ್ಬುಡಿ" ಎಂದೆ.

"ಪೂರಾನಾ ಅಮ್ಮಾ?"

"ಪೂರಾ!"

ಅದಕ್ಕೆ ಮಧ್ಯಾಹ್ನವೆಲ್ಲ ಹಿಡಿಯಿತು. ಮುಗಿದ ಮೇಲೆ ನಾನು ಆಟೋ ಕರೆಯಲು ಹೋಗಿ ಬಂದಾಗ ಅಕ್ಕ ತನ್ನ ಫೋನಿನಲ್ಲಿ ಏನೋ ಬರೆದು ಸಾಹೇಬರಿಗೆ ತೋರಿಸುತ್ತಿದ್ದಳು. ನೀರು ಕೇಳುತ್ತಿರಬೇಕು ಅಂದುಕೊಂಡೆ.

ಮೂರನೆಯ ದಿನ ಬೆಳಿಗ್ಗೆ ಗುಂಡಿ ಒತ್ತಿದರೆ ಕಪ್ಪು ಪರದೆ, ಅದರ ಮೇಲೆ ಒಂದೇ ಸಾಲು ಇಂಗ್ಲಿಷು. ಆರಿಸಿದೆ, ಹಾಕಿದೆ. ವೈರು ಕಿತ್ತು ಮತ್ತೆ ಚುಚ್ಚಿದೆ. ವಿಭೂತಿ ಹಚ್ಚಿದೆ. ಅಕ್ಕ ಬಾಗಿಲಲ್ಲಿ ನಿಂತು ಏನಾಯಿತೆಂದು ಕೈಸನ್ನೆ ಮಾಡಿದಳು. "ಕರೆಂಟ್ ಹೋಗೈತೆ ಕಣಕ್ಕ" ಎಂದೆ. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು.

ಮತ್ತೆ ಶಿರಾ ಬಸ್ಸು. ತೊಡೆಯ ಮೇಲೆ ಕಂಪ್ಯೂಟರ್, ಪಕ್ಕದಲ್ಲಿ ಅಕ್ಕ. ಇವಳ ದನಿ ನನಗೆ ನೆನಪಿದೆಯಲ್ಲ, ಯಂತ್ರ ಹಾಳಾಗಿ ಹೋಗಲಿ ಎಂದು ಧೈರ್ಯ ತಂದುಕೊಳ್ಳಲು ನೋಡಿದೆ. ಮನಸ್ಸಿನಲ್ಲೇ ಜೋಗುಳ ಶುರು ಮಾಡಿದೆ. ರಾಗ ಬಂತು, ಪದ ಬಂತು, ದನಿ ಬರಲಿಲ್ಲ. ಎಷ್ಟು ಎಳೆದರೂ ನನ್ನದೇ ಒಡಕು ಕಂಠ. ಅಯ್ಯೋ ಶಿವನೇ, ಅಂಥ ಹೆದರಿಕೆ ನಾನು ಆಪರೇಷನ್ ದಿನವೂ ಪಟ್ಟಿರಲಿಲ್ಲ.

ಸಾಹೇಬರು ಬಿಚ್ಚಿದರು, ಬೇರೆ ಕಡೆ ಸಿಕ್ಕಿಸಿ ನೋಡಿದರು, ಕೊನೆಗೆ ಕನ್ನಡಕ ತೆಗೆದರು. "ಡಿಸ್ಕೇ ಸತ್ತೋಗೈತಮ್ಮಾ. ಹೊಸ ಡಿಸ್ಕು ಕೊಡ್ತೀನಿ. ಒಳಗಿದ್ದಿದ್ದು ಮಾತ್ರ ಬರಲ್ಲ."

"ಹಳೇದ್ರಾಗೆ?"

"ಪೂರಾ ಒರೆಸು ಅಂದ್ರಲ್ಲಮ್ಮಾ."

ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ. ಅಕ್ಕನ ಮುಖ ನೋಡುವ ಧೈರ್ಯವಿರಲಿಲ್ಲ. ಡಾಕ್ಟರು ಅವಳ ಗಂಟಲನ್ನಷ್ಟೇ ತೆಗೆದಿದ್ದರು, ಮಿಕ್ಕದ್ದನ್ನು ಈ ಮೂರ್ಖಳು ತೆಗೆದಳು ಎಂದುಕೊಂಡೆ.

ಟಕ ಟಕ ಸದ್ದಾಯಿತು. ಅಕ್ಕ ಬೆರಳಿನಿಂದ ಮೇಜು ಕುಟ್ಟುತ್ತಿದ್ದಳು. ಕುಟ್ಟಿ, ಮೂಲೆಯಲ್ಲಿ ಸಾಹೇಬರು ಬಿಲ್ಲು ಬರೆಯಲು ಇಟ್ಟುಕೊಂಡಿದ್ದ ನಮ್ಮ ಹಳೇ ಕಂಪ್ಯೂಟರ್ ತೋರಿಸಿದಳು.

"ಅರೆ, ಹೌದಲ್ಲ!" ಸಾಹೇಬರು ಹಣೆ ಚಚ್ಚಿಕೊಂಡರು. "ಅವತ್ತು ನಿಮ್ಮಕ್ಕ ಬರೆದು ತೋರಿಸಿದ್ರು, ಹಳೇದನ್ನ ಖಾಲಿ ಕೊಡಬಾರದು, ಇದೊಂದು ವಿಡಿಯೋನ ಅದ್ರಲ್ಲಿ ವಾಪಸ್ ಹಾಕಿಡಿ ಅಂತ. ನಮ್ಮನೇಲೂ ಅಂಗೇ ಅಮ್ಮಾ, ಪಕ್ಕದ ಮನೆ ಬರ್ತನ್ ಖಾಲಿ ವಾಪಸ್ ಕಳ್ಸಲ್ಲ. ಅದ್ಕೇ ಅಳಿಸಿಲ್ಲ."

ಪಾತ್ರೆ ತರುವ ಶಾಸ್ತ್ರವಷ್ಟೇ ನನಗೆ ನೆನಪಿತ್ತು. ಕೊಡುವ ಶಾಸ್ತ್ರ ಅಕ್ಕನಿಗೆ ನೆನಪಿತ್ತು.

ಸಾಹೇಬರು ಅದನ್ನು ತೆರೆದರು. ಜೋಗುಳವಲ್ಲ. ನಮ್ಮ ಅಡುಗೆಮನೆ, ಅಲುಗಾಡುವ ಚಿತ್ರ, ಒಲೆಯ ಮೇಲೆ ಹಾಲು. ಪರರ ಮನೆಗೆ ಬಂಗಾರ ಹಾಕಿ ಕಳಿಸುತ್ತಾರೆಯೇ? ಅಕ್ಕ ಹಿಡಿ ಅಕ್ಕಿಯಷ್ಟು ಆರಿಸಿ ಬಿಟ್ಟಿದ್ದಳು.

"ಲೇ, ಹಾಲು ಉಕ್ತೈತೆ ಕಣೇ! ಆ ಫೋನ್ ಅತ್ಲಾಗಿಕ್ಕಿ ಬತ್ತೀಯೋ ಇಲ್ವೋ?"

"ಬಂದೆ ಕಣಕ್ಕಾ!" ಎಂದು ಅಂಗಡಿಯಲ್ಲೇ ಕೂಗಿ ಎದ್ದು ನಿಂತೆ.

ಅಕ್ಕನ ಹೆಗಲು ಕುಲುಕುತ್ತಿತ್ತು. ಅವಳು ಈಗ ನಗುವುದೇ ಹಾಗೆ. ಫೋನಿನಲ್ಲಿ ಬರೆದು ನನ್ನ ಮೂಗಿನ ಮುಂದೆ ಹಿಡಿದಳು: "ತೊಟ್ಟಿಲಿಗೆ ಇದನ್ನೇ ಹಾಕು. ಮಗು ನಿನ್ನಂಗೆ ಆಗ್ದೇ ಇರ್ಲಿ."

ಸೆರಗಿನಲ್ಲಿ ಮುಖ ಒರೆಸಿಕೊಂಡು, ಹೊರಗಡೆ ಡಿಸ್ಕು ಒಂದಲ್ಲ ಎರಡು ಕೊಡಿ, ಎರಡರಲ್ಲೂ ಇದನ್ನು ತುಂಬಿಸಿಯೇ ಕೊಡಿ ಎಂದೆ. ಸರಿಯಾಗಿ ಬಂದಿದೆಯೇ ಎಂದು ಸಾಹೇಬರು ಒಂದೊಂದನ್ನೂ ಹಾಕಿ ನೋಡಿದರು. ಪ್ರತಿಸಲವೂ ನಾನು ಬೈಸಿಕೊಂಡೆ.