ಪಾಲಿಗೆ ಬಂದ ಗಿಟಾರ್

ಪೆಟ್ಟಿಗೆಯ ಮುಚ್ಚಳ ತೆಗೆದದ್ದೇ ತಡ, ಬೆಂದ ಹೊಗೆಸೊಪ್ಪಿನ ವಾಸನೆ ಮುಖಕ್ಕೆ ಬಂತು. ಹೊಗೆಸೊಪ್ಪು ಎಂದ ಕೂಡಲೇ ನೀವು ಮೂಗು ಮುರಿಯಬಹುದು. ಬೀಡಿ ಸೇದುವವರು ಬಿಡುವ ಹೊಗೆಯ ನಾತವಲ್ಲ ಅದು. ಹಸಿ ಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ, ಬ್ಯಾರನ್ನು ಎಂದು ನಾವು ಕರೆಯುವ ಎತ್ತರದ ಕೋಣೆಯಲ್ಲಿ ತೂಗುಹಾಕಿ, ಕೆಳಗಿನಿಂದ ಶಾಖ ಕೊಟ್ಟಾಗ ಹಸಿರೆಲೆ ಹಳದಿಗೆ ತಿರುಗುತ್ತದಲ್ಲ, ಆಗ ಬರುವ ಗಂಪು. ಆಲೆಮನೆಯ ಪಕ್ಕ ನಿಂತ ಹಾಗೆ ಸಿಹಿ, ಜೊತೆಗೆ ಒಂದಿಷ್ಟು ಒಣಹುಲ್ಲು, ಒಂದಿಷ್ಟು ಅಪ್ಪನ ಅಂಗಿ. ಹುಣಸೂರಿನ ನನ್ನ ಮನೆಯ ಮಂಚದ ಮೇಲೆ ಗಿಟಾರಿನ ಪೆಟ್ಟಿಗೆ ತೆರೆದಿಟ್ಟುಕೊಂಡು, ಒಳಗಿನ ಮಖಮಲ್ಲಿಗೆ ಮೂಗು ಹಚ್ಚಿ ಎಷ್ಟು ಹೊತ್ತು ಕೂತಿದ್ದೆನೋ. "ಅದ್ನೇನೇ ಮೂಸ್ಕೊಂಡು ಕೂತಿದ್ದೀಯ, ಕೊಡೋದಾದ್ರೆ ಕೊಟ್ಟು ಕೈ ತೊಳ್ಕೊ" ಎಂದು ನಡುಮನೆಯಿಂದ ಅವ್ವ ಕೂಗಿದಾಗಲೇ ಎಚ್ಚರವಾದದ್ದು. ಮಾರಬೇಕೋ ಇಟ್ಟುಕೊಳ್ಳಬೇಕೋ ಎಂಬ ಲೆಕ್ಕಾಚಾರಕ್ಕೆಂದು ಪೆಟ್ಟಿಗೆ ಇಳಿಸಿದವಳು ನೆನಪಿನಲ್ಲಿ ನಮ್ಮೂರು ಬೆಟ್ಟದಪುರಕ್ಕೇ ಹೋಗಿಬಿಟ್ಟಿದ್ದೆ.

ಬೆಟ್ಟದ ಬುಡದಲ್ಲಿ, ಊರಿನ ಕೊನೆಯ ಬೀದಿಯಲ್ಲಿತ್ತು ನಮ್ಮ ಮನೆ. ಹೆಂಚಿನ ಮಾಡು, ಉದ್ದನೆಯ ಜಗಲಿ, ಕತ್ತಲೆಯ ನಡುಮನೆ. ಸೊಪ್ಪು ಬೇಯುವ ಕಾಲದಲ್ಲಿ ಮನೆಯಲ್ಲಿ ಮನುಷ್ಯರಿಗಿಂತ ಸೊಪ್ಪಿಗೇ ಹೆಚ್ಚು ಜಾಗ. ನಡುಮನೆಯ ತುಂಬಾ ಹಳದಿ ಎಲೆಗಳ ರಾಶಿ ಬಿದ್ದಿರುತ್ತಿತ್ತು. ಅದರ ಸುತ್ತ ಅಜ್ಜಿ, ಅವ್ವ, ಚಿಕ್ಕಮ್ಮ ಕೂತು ಬಣ್ಣ ನೋಡಿ ಎಲೆ ವಿಂಗಡಿಸುತ್ತಿದ್ದರು. ಅಪ್ಪನಿಗೆ ಸೊಪ್ಪು ಬಿಟ್ಟರೆ ಬೇರೆ ಲೋಕವಿಲ್ಲ. ಅವನ ತಮ್ಮ, ನಂಜುಂಡ ಚಿಕ್ಕಪ್ಪನಿಗೆ ಸೊಪ್ಪು ಬಿಟ್ಟು ಮಿಕ್ಕಿದ್ದೆಲ್ಲವೂ ಲೋಕ. ಕೆ.ಆರ್. ನಗರದ ಒಂದು ಆರ್ಕೆಸ್ಟ್ರಾದಲ್ಲಿ ಅವನು ಗಿಟಾರ್ ನುಡಿಸುತ್ತಿದ್ದ. ಗಣಪತಿ ಕೂರಿಸಿದಲ್ಲಿ, ಮದುವೆ ಮನೆಯಲ್ಲಿ, ಮಿರ್ಲೆ, ಸಾಲಿಗ್ರಾಮ ಎಂದು ಕರೆದಲ್ಲಿಗೆಲ್ಲ ಹೋಗುವನು. ಆದರೆ ಗಿಟಾರ್ ಅವನದಲ್ಲ, ಆರ್ಕೆಸ್ಟ್ರಾ ಯಜಮಾನನದು. ಕಾರ್ಯಕ್ರಮ ಮುಗಿದ ಕೂಡಲೇ ಯಜಮಾನ ಅದನ್ನು ಕೈಯಿಂದ ಇಸಿದುಕೊಂಡು ವ್ಯಾನಿಗೆ ಹಾಕಿಬಿಡುತ್ತಿದ್ದನಂತೆ. ಬರಿಗೈಯಲ್ಲಿ ಬಸ್ಸಿಳಿದು ಬರುತ್ತಿದ್ದ ಚಿಕ್ಕಪ್ಪ ಊಟಕ್ಕೆ ಕೂತಾಗಲೂ ಎಡಗೈಯ ಬೆರಳುಗಳನ್ನು ತೊಡೆಯ ಮೇಲೆ ಒತ್ತುತ್ತಲೇ ಇರುತ್ತಿದ್ದ.

ಮೈಸೂರಿನ ಒಂದು ಅಂಗಡಿಯ ಗಾಜಿನ ಹಿಂದೆ ಅವನ ಕನಸಿನ ಗಿಟಾರ್ ಇತ್ತು. ಜೇನಿನ ಬಣ್ಣದ ಮೈ, ಕಪ್ಪಗೆ ಮಿರುಗುವ ಬೆನ್ನು. ಮೈಸೂರಿಗೆ ಯಾವ ಕೆಲಸಕ್ಕೆ ಹೋದರೂ ಅದನ್ನೊಮ್ಮೆ ನೋಡಿಕೊಂಡೇ ಬರುವನು. ಹೆಣ್ಣು ನೋಡಲು ಹೋಗಿ ಬಂದವನಂತೆ ನಾಚಿಕೊಂಡು ಅಜ್ಜಿಗೆ ವರದಿ ಒಪ್ಪಿಸುವನು. ಒಂದು ವರ್ಷ ಹರಾಜಿನಲ್ಲಿ ಸೊಪ್ಪಿಗೆ ಒಳ್ಳೆಯ ರೇಟು ಸಿಕ್ಕಿತು. ಅಪ್ಪನೇ, "ಓಗು, ತಕ್ಕೊಂಡು ಬಾ, ಇಲ್ದಿದ್ರೆ ನೀನು ಕೆಲ್ಸಕ್ಕೆ ಕೈ ಅಚ್ಚಲ್ಲ" ಎಂದು ದುಡ್ಡು ಕೊಟ್ಟು ಕಳಿಸಿದ. ಗಿಟಾರ್ ಮನೆಗೆ ಬಂದ ದಿನ ಅಜ್ಜಿ ಅದಕ್ಕೆ ದೃಷ್ಟಿ ತೆಗೆದು, ನಡುವಿನ ತೂತಿಗೆ ಕಣ್ಣು ಹಚ್ಚಿ, "ಒಳಗೇನೂ ಇಲ್ವಲ್ಲಲಾ, ಇಷ್ಟು ದುಡ್ಡು ಯಾತುಕ್ಕೆ ಕೊಟ್ಟೆ?" ಎಂದಳು. ನನಗೂ ಅದೇ ಅನುಮಾನ. ಏನೂ ಇಲ್ಲದ ಹೊಟ್ಟೆಯಿಂದ ಅಷ್ಟು ದೊಡ್ಡ ದನಿ ಹೇಗೆ ಬರುತ್ತದೆ? ಚಿಕ್ಕಪ್ಪ ಸಂಜೆ ಜಗಲಿಯಲ್ಲಿ ನುಡಿಸುವಾಗ ನಾನು ಅವನ ಪಕ್ಕಕ್ಕೆ ಸೇರಿ ಗಿಟಾರಿನ ಬೆನ್ನಿಗೆ ಕಿವಿ ಅಂಟಿಸುತ್ತಿದ್ದೆ. ಸದ್ದು ಕಿವಿಗಿಂತ ಮೊದಲು ಹಲ್ಲಿಗೆ ಬರುತ್ತಿತ್ತು, ಆಮೇಲೆ ಎದೆಗೆ. ಅಪ್ಪ ಬ್ಯಾರನ್ನಿನ ಒಲೆಗೆ ಸೌದೆ ಹಾಕಿ ಬಂದು ಮೆಟ್ಟಿಲ ಮೇಲೆ ಕೂತು ಕೇಳುತ್ತಿದ್ದ. ಆ ಸಂಜೆಗಳಷ್ಟು ಸುಖದ ಕಾಲ ನನ್ನ ಬದುಕಿನಲ್ಲಿ ಆಮೇಲೆ ಬರಲಿಲ್ಲ.

ಅಜ್ಜಿ ಹೋದ ಮೇಲೆ ಮನೆ ಪಾಲಿಗೆ ಬಂತು. ಜಗಳ ಶುರುವಾದದ್ದು ಅಡುಗೆ ಮನೆಯಲ್ಲಿ. ಒಟ್ಟು ಮನೆಯ ದುಡ್ಡನ್ನು ಒಬ್ಬರ ಶೋಕಿಗೆ ಸುರಿದರು ಎಂದು ಅವ್ವ ಯಾವುದೋ ಮಾತಿನ ನಡುವೆ ಅಂದಳು, ಚಿಕ್ಕಮ್ಮ ಸುಮ್ಮನಿರಲಿಲ್ಲ, ಮಾತು ಜಗಲಿಗೆ ಬಂದು ಅಣ್ಣತಮ್ಮಂದಿರ ಬಾಯಿಗೂ ಹತ್ತಿತು. ಕೊನೆಗೆ ಊರಿನ ನಾಲ್ಕು ಜನ ಹಿರಿಯರು ಜಮಖಾನದ ಮೇಲೆ ಕೂತು ಜಮೀನು, ಬ್ಯಾರನ್ನು, ಮನೆ ಎಲ್ಲವನ್ನೂ ಭಾಗ ಮಾಡಿದರು. ಬಿಡಿ ಸಾಮಾನುಗಳನ್ನು ಅಂಗಳದಲ್ಲಿ ಎರಡು ಗುಂಪು ಮಾಡುವಾಗ ಗಿಟಾರಿನ ಪೆಟ್ಟಿಗೆ ಸಿಕ್ಕಿತು. "ಇದು ನಿನ್ ಸ್ವಂತದ್ದಲ್ವೇನೋ ನಂಜುಂಡ? ಎತ್ತಿಟ್ಕೊ" ಎಂದರು ಹಿರಿಯರೊಬ್ಬರು. ಚಿಕ್ಕಪ್ಪನ ಮುಖ ಕೆಂಪಗಾಯಿತು. "ಸೊಪ್ಪಿನ ದುಡ್ಡಲ್ಲಿ ತಂದಿದ್ದು. ಎಲ್ರುದೂ. ಗುಂಪಿಗೇ ಆಕಿ" ಎಂದ. ಹಾಕಿದರು. ಒಂದು ಕಡೆ ಟೀವಿ, ಔಷಧಿ ಹೊಡೆಯುವ ಮಷೀನು. ಇನ್ನೊಂದು ಕಡೆ ಹಿತ್ತಾಳೆ ಹಂಡೆ, ಹೊಲಿಗೆ ಮಷೀನು, ಗಿಟಾರ್. ಮನೆಯಲ್ಲಿ ಚಿಕ್ಕವಳೆಂದು ಚೀಟಿ ಎತ್ತಲು ನನ್ನನ್ನು ಕರೆದರು. ಅಪ್ಪನ ಹೆಸರಿಗೆ ಎಂದು ನಾನು ಎತ್ತಿದ ಚೀಟಿಯಲ್ಲಿ ಬಂದದ್ದು ಗಿಟಾರ್ ಇದ್ದ ಗುಂಪು. ಒಂದು ಸ್ವರವನ್ನೂ ನುಡಿಸಲು ಬಾರದ ಅಪ್ಪನ ಪಾಲಿಗೆ ಅದು ಬಂತು. ಹಿರಿಯರು ಎಲೆ ಅಡಿಕೆ ಹಾಕಿಕೊಂಡು ಎದ್ದರು. ಚಿಕ್ಕಪ್ಪ ತನ್ನ ಅರ್ಧ ಮನೆಯನ್ನು ಯಾರಿಗೋ ಮಾರಿ, ಹೆಂಡತಿಯ ಊರಾದ ಕೆ.ಆರ್. ನಗರಕ್ಕೆ ಹೋಗಿ ಮೈಕ್‌ಸೆಟ್ ಅಂಗಡಿ ಇಟ್ಟ. ನಡುಮನೆಯ ಮಧ್ಯೆ ಗೋಡೆ ಎದ್ದಿತು.

ನನಗೆ ವಿಚಿತ್ರವೆನಿಸುತ್ತಿದ್ದದ್ದು ಅಲ್ಲಿಂದ ಮುಂದಿನ ಸಂಗತಿ. ಮಾತು ಬಿಟ್ಟ ಅಣ್ಣತಮ್ಮಂದಿರು ನಮ್ಮ ಕಡೆ ಕಡಿಮೆಯೇನಿಲ್ಲ. ಒಬ್ಬರ ಮನೆಯ ಸಾವಿಗೆ ಇನ್ನೊಬ್ಬರು ಬೀದಿಯಲ್ಲೇ ನಿಂತು ಹೋಗುವುದನ್ನು ನೋಡಿದ್ದೇನೆ. ಹಬ್ಬಕ್ಕೆ ನಾವು ಅವರನ್ನು ಕರೆಯಲಿಲ್ಲ, ಅವರು ನಮ್ಮನ್ನು ಕರೆಯಲಿಲ್ಲ. ಆದರೆ ಹಬ್ಬವಲ್ಲದ, ಏನೂ ಅಲ್ಲದ ಯಾವುದೋ ಒಂದು ದಿನ ಚಿಕ್ಕಪ್ಪ ಒಬ್ಬನೇ ಬಸ್ಸಿಳಿದು ಬರುವನು. "ತಂತಿ ನೋಡ್ಬುಟ್ಟು ಓಗಾನ ಅಂತ ಬಂದೆ" ಎನ್ನುವನು, ಯಾರ ಮುಖವನ್ನೂ ನೋಡದೆ. ಅಪ್ಪ ಅಟ್ಟದಿಂದ ಪೆಟ್ಟಿಗೆ ಇಳಿಸಿ ಕೊಡುವನು. ಚಿಕ್ಕಪ್ಪ ಜಗಲಿಯಲ್ಲಿ ಕೂತು ತುಕ್ಕು ಹಿಡಿದ ತಂತಿ ಬಿಚ್ಚಿ ಹೊಸದು ಕಟ್ಟಿ, ಹೋಮ್‌ವರ್ಕ್ ಮಾಡದ ಹುಡುಗರ ಕಿವಿ ಹಿಂಡುವಂತೆ ಬಿರಡೆಗಳನ್ನು ಒಂದೊಂದಾಗಿ ತಿರುಗಿಸಿ ಶ್ರುತಿ ಮಾಡುವನು. ಈಗ ಹಾಡು ಬರುತ್ತದೆ, ಈಗ ಬರುತ್ತದೆ ಎಂದು ನಾನು ಕಾಯುತ್ತಿದ್ದೆ. ಬರುತ್ತಿರಲಿಲ್ಲ. ಶ್ರುತಿ ಕೂಡಿದ ಕೂಡಲೇ ತಂತಿಗಳ ಮೇಲೆ ಅಂಗೈ ಇಟ್ಟು ಸದ್ದು ಅಡಗಿಸಿ, ಒರೆಸಿ, ಪೆಟ್ಟಿಗೆಯಲ್ಲಿ ಮಲಗಿಸಿಬಿಡುವನು. ಆಮೇಲೆ ಅವ್ವ ಮಾತಿಲ್ಲದೆ ಬಡಿಸಿದ್ದನ್ನು ಮಾತಿಲ್ಲದೆ ಉಂಡು, ಅಪ್ಪನ ಜೊತೆ ಬ್ಯಾರನ್ನಿನ ತನಕ ನಡೆದು, ಮಳೆ, ಬೆಳೆ ಎಂದು ಎರಡು ಮಾತಾಡಿ ಕೊನೆಯ ಬಸ್ಸಿಗೆ ಹೋಗುವನು.

ಯಾಕೆ ಒಂದು ಹಾಡನ್ನೂ ನುಡಿಸುವುದಿಲ್ಲ? ನುಡಿಸುವುದಿಲ್ಲವೆಂದ ಮೇಲೆ ಶ್ರುತಿ ಯಾಕೆ? ಅಪ್ಪನಾದರೂ ಅದನ್ನು ಅವನಿಗೇ ಯಾಕೆ ಕೊಟ್ಟುಬಿಡುವುದಿಲ್ಲ? ಮೊದಲಿನಿಂದಲೂ ಎಲ್ಲದಕ್ಕೂ ಮೂಗು ತೂರಿಸುವ ಬುದ್ಧಿ ನನ್ನದು. ಇವತ್ತು ಹೈಸ್ಕೂಲಿನ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟು ಹೊಟ್ಟೆ ಹೊರೆಯುವುದೂ ಅದರಿಂದಲೇ. ಒಮ್ಮೆ ಸೊಪ್ಪಿಗೆ ಬೆಲೆ ಬಿದ್ದಾಗ ಅವ್ವ ಗಿಟಾರ್ ಮಾರೋಣವೆಂದಳು. "ಅದು ನಮ್ದಲ್ಲ" ಎಂದ ಅಪ್ಪ. "ಅಂಗಾದ್ರೆ ಕೊಟ್ಬುಡು ಅವ್ನಿಗೆ" ಎಂದಳು ಅವ್ವ. ಅಪ್ಪ ಎದ್ದು ಬ್ಯಾರನ್ನಿನ ಕಡೆ ಹೋದ. ಅಪ್ಪನಿಗೆ ಬಿಗುಮಾನ, ಚಿಕ್ಕಪ್ಪನಿಗೆ ಸಿಟ್ಟು, ಇಬ್ಬರೂ ಒಂದೇ ತಾಯಿಯ ಹೊಟ್ಟೆಯ ಹಟಮಾರಿಗಳು ಎಂದುಕೊಂಡು ನಾನು ದೊಡ್ಡವಳಾದೆ.

ಹೋದ ವರ್ಷದ ಹಿಂದಿನ ವರ್ಷ ಅಪ್ಪ ತೀರಿಕೊಂಡ. ಆ ಮನೆ ಈಗಿಲ್ಲ. ಅದಿದ್ದ ಜಾಗದಲ್ಲಿ ಗೊಬ್ಬರದ ಅಂಗಡಿ ಎದ್ದಿದೆ. ಅವ್ವ ನನ್ನ ಜೊತೆ ಹುಣಸೂರಿಗೆ ಬಂದಳು, ಹಿತ್ತಾಳೆ ಹಂಡೆಯ ಜೊತೆ ಗಿಟಾರೂ ಬಂತು. ಕಾರ್ಯಗಳು ಮುಗಿದ ಮೇಲೆ ಚಿಕ್ಕಪ್ಪ ನಮ್ಮ ಕಡೆ ತಲೆ ಹಾಕಲಿಲ್ಲ. ಈ ಬೇಸಿಗೆಯಲ್ಲಿ ತೆಗೆದು ನೋಡಿದರೆ ತಂತಿಗಳನ್ನು ಹಿಡಿದಿಡುವ ಮರದ ಪಟ್ಟಿ ಮೈಯಿಂದ ಕಿತ್ತು ಬಂದಿತ್ತು. ಬೈಲಕುಪ್ಪೆಯ ಟಿಬೆಟನ್ ಕ್ಯಾಂಪಿನಲ್ಲಿ ಗಿಟಾರ್ ಕಲಿಸುವ, ರಿಪೇರಿಯನ್ನೂ ಮಾಡುವ ತೆನ್‌ಜಿನ್ ಎಂಬಾತನಿದ್ದಾನೆ ಎಂದು ಯಾರೋ ಹೇಳಿದರು. ಇಲ್ಲೇ ಹುಟ್ಟಿ ಬೆಳೆದವನು, ಕನ್ನಡ ನಮ್ಮಂತೆಯೇ ಮಾತಾಡುತ್ತಾನೆ. ಪಟ್ಟಿ ಅಂಟಿಸಿ ತಂದುಕೊಟ್ಟ ದಿನ ಬಾಗಿಲಲ್ಲೇ ನಿಂತ. "ಅಕ್ಕ, ನುಡಿಸ್ದೆ ಇಟ್ರೆ ಇದು ಉಳಿಯಲ್ಲ. ಇಂಥ ಮರ ಈಗ ಸಿಗಲ್ಲ. ಮಾರೋದಾದ್ರೆ ನಂಗೇ ಕೊಡಿ, ಬೇರೆ ಯಾರ್ಗೂ ಕೊಡ್ಬೇಡಿ" ಎಂದ. ಮಾರಿಬಿಡು ಎಂದಳು ಅವ್ವ. ಗೋಡೆಗೆ ತೂಗುಹಾಕಿದರೆ ಚೆಂದ ಕಾಣುತ್ತದೆ ಎಂದರು ನನ್ನ ಯಜಮಾನರು. ನನಗೋ, ಇಟ್ಟುಕೊಂಡರೆ ಗಿಟಾರ್ ಹಾಳು, ಕೊಟ್ಟರೆ ಚಿಕ್ಕಪ್ಪ ಇನ್ನೆಂದೂ ಬಾರದೇ ಹೋದಾನು ಎಂಬ ಭಯ. ಅಪ್ಪನ ಕಡೆಯವರೆಂದು ಉಳಿದಿದ್ದವನು ಅವನೊಬ್ಬನೇ. ಫೋನ್ ಮಾಡಿ, "ಒಂದ್ಸಲ ಬಂದು ನೋಡು ಚಿಕ್ಕಪ್ಪ, ನೀನು ಏನಂತೀಯೋ ಅಂಗೆ ಮಾಡ್ತೀನಿ" ಎಂದೆ.

ಬಂದ. ಬಹಳ ಇಳಿದುಹೋಗಿದ್ದ. ತೆನ್‌ಜಿನ್ ಮೊದಲೇ ಬಂದು ಕೂತಿದ್ದ. ಚಿಕ್ಕಪ್ಪ ಪೆಟ್ಟಿಗೆ ತೆರೆದು, ಅಂಟಿಸಿದ ಜಾಗವನ್ನು ಉಗುರಿನಿಂದ ತಟ್ಟಿ ನೋಡಿ, ಎಂದಿನಂತೆ ಬಿರಡೆ ಹಿಡಿದ. ಬೆರಳುಗಳು ಗಂಟುಗಟ್ಟಿ ಸೊಟ್ಟಗಾಗಿದ್ದವು, ಬಿರಡೆ ತಿರುಗಲಿಲ್ಲ. ಗಿಟಾರನ್ನು ತೆನ್‌ಜಿನ್ ಕಡೆ ಚಾಚಿ, "ನೀವೇ ಮಾಡಿ ಸ್ವಾಮಿ" ಎಂದ. ಅವನು ಶ್ರುತಿ ಮಾಡಿ, ಅಲ್ಲಿಗೇ ನಿಲ್ಲಿಸದೆ, ತಮ್ಮ ಭಾಷೆಯ ಯಾವುದೋ ಹಾಡನ್ನು ಮೆಲ್ಲಗೆ ನುಡಿಸತೊಡಗಿದ. ಇಷ್ಟು ವರ್ಷಗಳ ಮೇಲೆ ಆ ಮರ ಹಾಡುವುದನ್ನು ಕೇಳಿದೆ. ಚಿಕ್ಕಪ್ಪ ಕಣ್ಣು ಮುಚ್ಚಿದ್ದ. ಎಡಗೈ ತೊಡೆಯ ಮೇಲಿತ್ತು, ಸೊಟ್ಟ ಬೆರಳುಗಳು ಪಂಚೆಯನ್ನು ಒತ್ತುತ್ತಿದ್ದವು. ಹಾಡು ಮುಗಿದ ಮೇಲೆ ತಡೆಯಲಾಗದೆ ಕೇಳಿಯೇಬಿಟ್ಟೆ.

"ಅಪ್ಪ ಇದನ್ನ ನಿಂಗೆ ಯಾಕೆ ಕೊಡ್ಲಿಲ್ಲ ಚಿಕ್ಕಪ್ಪ?"

"ಯಾರಂದ್ರು ಕೊಡ್ಲಿಲ್ಲ ಅಂತ? ಪಾಲಾದ್ ವರ್ಸವೇ ತಂದಿದ್ದ ಕಣವ್ವ. ಬಸ್ಸಲ್ಲಿ ತೊಡೆ ಮ್ಯಾಲೆ ಮಡಿಕ್ಕೊಂಡು ನಮ್ಮಂಗಡಿ ಮುಂದೆ ಬಂದು ನಿಂತಿದ್ದ. ನಾನೇ ವಾಪಸ್ ಕಳಿಸ್ದೆ."

"ಸಿಟ್ಟಿಗಾ?"

"ಸಿಟ್ಟು ಇದ್ದದ್ದು ಬಾಯಲ್ಲಿ. ತಕ್ಕೊಂಡಿದ್ರೆ ಆಮ್ಯಾಲೆ ಏನಂತ ನಿಮ್ಮನೆಗೆ ಬರ್ಲಿ? ಯಾವ ಮೊಕ ಇಟ್ಕೊಂಡು ಬರ್ಲಿ? ನಿನ್ ಮನೇಲೇ ಇರ್ಲಿ ಅಣ್ಣ, ತಂತಿ ನೋಡಕ್ಕೆ ಬತ್ತಿರ್ತೀನಿ ಅಂದೆ. ಅವ್ನೂ ಎತ್ಕೊಂಡು ಓದ."

"ಮತ್ತೆ ಒಂದಿನವೂ ನುಡಿಸ್ಲಿಲ್ವಲ್ಲ?"

ಚಿಕ್ಕಪ್ಪ ನಕ್ಕ. "ನುಡಿಸಿದ್ರೆ ಬುಟ್ಟು ಓಗಕ್ಕಾಯ್ತದಾ ಕೂಸೆ?"

ಅವ್ವ ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟಿದ್ದಳು. ಅಪ್ಪ ಅವಳಿಗೂ ಹೇಳಿರಲಿಲ್ಲ. ಲೋಟವನ್ನು ಮೈದುನನ ಮುಂದಿಟ್ಟು, "ನೀನೇ ತಕ್ಕೊಂಡೋಗಪ್ಪ ನಂಜುಂಡ" ಎಂದಳು. ಚಿಕ್ಕಪ್ಪ ತನ್ನ ಬೆರಳುಗಳನ್ನು ಎತ್ತಿ ತೋರಿಸಿದ. "ಇದ್ರಲ್ಲಿ ಏನ್ ನುಡಿಸ್ಲಿ ಅತ್ತಿಗೆ? ಈ ಹುಡುಗ್ನಿಗೆ ಕೊಟ್ಬುಡಿ. ಅಣ್ಣನೇ ಇಲ್ಲ, ಇನ್ಯಾರಿಗೆ ಅಂತ ಮಡಿಕ್ಕೊಂಡಿರ್ತೀರಿ?" ತೆನ್‌ಜಿನ್ ಪೆಟ್ಟಿಗೆಯನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಹೊರಟಾಗ ನಾವು ಮೂವರೂ ಗೇಟಿನಲ್ಲಿ ನಿಂತಿದ್ದೆವು. ಅಪ್ಪನೇ ಇನ್ನೊಮ್ಮೆ ಹೋದಂತಾಗಿ ನಾನು ಒಳಗೆ ಬಂದು ಅತ್ತೆ. ಚಿಕ್ಕಪ್ಪ ಬಸ್ಸಿಗೆ ಹೊತ್ತಾಯಿತೆಂದು ಹೊರಟ. ಮತ್ತೆ ಯಾವಾಗ ಬರುತ್ತೀ ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ.

ಆಷಾಢ ಕಳೆಯಿತು, ಶ್ರಾವಣವೂ ಕಳೆಯಿತು. ಗೌರಿ ಹಬ್ಬದ ದಿನ ನಮ್ಮ ಬೀದಿಯಲ್ಲಿ ಬೆಳಗಿನಿಂದಲೇ ಸ್ಕೂಟರುಗಳ ಓಡಾಟ. ಅಣ್ಣಂದಿರು, ತಮ್ಮಂದಿರು, ತಂದೆಯರು ಮೊರದ ಬಾಗಿನ ಹೊತ್ತು ಹೆಣ್ಣುಮಕ್ಕಳ ಮನೆ ಹುಡುಕಿಕೊಂಡು ಬರುತ್ತಿದ್ದರು. ನಾನು ಒಬ್ಬಳೇ ಮಗಳು. ಯಾರನ್ನೂ ಕಾಯುವುದಿಲ್ಲವೆಂದು ಒಬ್ಬಟ್ಟು ಬೇಯಿಸುತ್ತ ನಿಂತಿದ್ದೆ. ಗೇಟು ಸದ್ದಾಯಿತು. ಹೋಗಿ ನೋಡಿದರೆ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಚಿಕ್ಕಪ್ಪ. ಅವನ ಹಿಂದೆ, ಪಾಲಾದ ಮೇಲೆ ನಮ್ಮ ಹೊಸಿಲು ತುಳಿಯದಿದ್ದ ಚಿಕ್ಕಮ್ಮ. ತಂತಿಯ ಮಾತಿಲ್ಲ, ಇನ್ನಾವ ನೆಪವೂ ಇಲ್ಲ. "ಒರಗೇ ನಿಲ್ಲಿಸ್ತೀಯೇನೇ?" ಎಂದು ಒಳಗೆ ಬಂದು, ಚಿಕ್ಕಮ್ಮ ಸೆರಗು ಹೊದಿಸಿದ ಜೋಡಿ ಮೊರವನ್ನು ನನ್ನ ಕೈಗಿಟ್ಟಳು. ಅಪ್ಪ ಹೋದ ಮೇಲೆ ನನ್ನ ಮನೆಗೆ ಬಂದ ಮೊದಲ ಬಾಗಿನ ಅದು.