ಮೇಲಿನ ಮನೆಯ ಪಿಯಾನೊ ಮತ್ತು ನಮ್ಮ ರಾಗಿಕಲ್ಲು

ಅಮೆರಿಕದ ಮೆಟುಚೆನ್ನಿಗೆ ಬಂದ ಮೂರನೆಯ ಬೆಳಿಗ್ಗೆ ನನ್ನ ತಲೆಯ ಮೇಲೆ ಯಾರೋ ಪಿಯಾನೊದಲ್ಲಿ ಒಂದೇ ರಾಗವನ್ನು ನಲವತ್ತು ಸಲ ನುಡಿಸಿದರು. ನಮ್ಮೂರಲ್ಲಾಗಿದ್ದರೆ ಪಕ್ಕದ ಮನೆಯವರು ಹೋಗಿ, "ಏನಪ್ಪಾ, ಗ್ರಹಚಾರವೇ?" ಎಂದು ಕೇಳುತ್ತಿದ್ದರು. ಇಲ್ಲಿ ಯಾರೂ ಕೇಳುವುದಿಲ್ಲ.

ಮಕ್ಕಳೇ, ನಿಮ್ಮ ತಾತ ಹೋದ ಮೇಲೆ ನನ್ನ ಮಗಳು, ನಿಮ್ಮತ್ತೆ, ನನ್ನನ್ನು ಇಲ್ಲಿಗೆ ಕರೆತಂದಳು. ಹಗಲೆಲ್ಲ ಎಲ್ಲರೂ ರೈಲು ಹತ್ತಿ ಕೆಲಸಕ್ಕೆ ಹೋಗುತ್ತಾರೆ. ಆಗ ಮಾತಿಗೆ ಸಿಗುತ್ತಿದ್ದದ್ದು ಆ ಪಿಯಾನೊ ಒಂದೇ.

ಒಂದು ಶನಿವಾರ ಮೇಲಿನ ಮನೆಯವರ ಪಾರ್ಸೆಲ್ ನಮ್ಮ ಬಾಗಿಲಿಗೆ ಬಂದಿತ್ತು. ನಿಮ್ಮತ್ತೆಯ ಮಗಳು ತಾರಾ ನನ್ನನ್ನೂ ಎಳೆದುಕೊಂಡು ಹೋಗಿ ಕೊಟ್ಟಳು. ಬಾಗಿಲು ತೆರೆದವರು ಜರ್ಮನಿಯ ಮುದುಕರು. ಚಿಕ್ಕ ಊರಿನ ಚರ್ಚಿನಲ್ಲಿ ವಾದ್ಯ ನುಡಿಸಿಕೊಂಡಿದ್ದವರು ಇಪ್ಪತ್ತರ ವಯಸ್ಸಿಗೆ ನ್ಯೂಯಾರ್ಕ್ ಸೇರಿದರಂತೆ. ಮೊದಲು ಸೋಪಿನ ಜಾಹೀರಾತಿಗೆ, ಆಮೇಲೆ ಟಿವಿಯ ಪತ್ತೇದಾರಿ ಕಥೆಗಳಿಗೆ, ಕೊನೆಗೆ ಸಿನಿಮಾಗಳಿಗೆ ಸಂಗೀತ ಕಟ್ಟಿದರು. ಅದಕ್ಕೆ ಇಲ್ಲಿ 'ಸ್ಕೋರ್' ಎನ್ನುತ್ತಾರೆ. ಸಿನಿಮಾದಲ್ಲಿ ಬಾಗಿಲು ತೆರೆಯುವ ಮುಂಚೆಯೇ ನೋಡುವವರ ಎದೆ ನಡುಗಿಸುವುದರಲ್ಲಿ ಅವರು ಹೆಸರುವಾಸಿ.

ಒಳಗೆ ಅವರ ಕಂಪ್ಯೂಟರ್ ಪರದೆಯ ಮೇಲೆ ನಮ್ಮ ಕಡೆಯ ಹೆಂಗಸೊಬ್ಬಳು ರಾಗಿ ಬೀಸುತ್ತಿದ್ದಳು. ಕಲ್ಲಿನ ಒಂದೊಂದು ಸುತ್ತಿಗೂ ಪಿಯಾನೊ ಢಣ್, ಢಣ್! ಸೆರಗು ಬಾಯಿಗೆ ಒತ್ತಿಕೊಂಡರೂ ನಗು ತಡೆಯಲಾಗಲಿಲ್ಲ.

"ಅಜ್ಜಿ, ಯಾಕೆ ನಕ್ಕಿದ್ದು ಅಂತ ಕೇಳ್ತಿದಾರೆ."

"ಏನೂ ಇಲ್ಲ ಅನ್ನೇ, ಸುಮ್ನಿರು."

"ಇಟ್ಸ್ ಹಿಸ್ ಲಾಸ್ಟ್ ಫಿಲ್ಮ್, ಅಜ್ಜಿ. ಡೈರೆಕ್ಟರ್ ಎರಡು ಸಲ ರಿಜೆಕ್ಟ್ ಮಾಡಿದಾರಂತೆ. ಇದೂ ಸರಿಹೋಗದಿದ್ರೆ ಬೇರೆಯವರಿಗೆ ಕೊಟ್ಬಿಡ್ತಾರೆ. ಪ್ಲೀಸ್, ಹೇಳು."

"ಅವಳು ರಾಗಿ ಬೀಸ್ತಿದಾಳೋ, ಯಾರನ್ನಾದ್ರೂ ಕೊಲ್ಲೋಕೆ ಹೊರಟಿದಾಳೋ ಅಂತ ಕೇಳು!"

ತಾರಾ ಹೇಳಿದಳು. ಮುದುಕರು ಜೋರಾಗಿ ನಕ್ಕು, ನನಗೆ ಕುರ್ಚಿ ಎಳೆದರು. ನಾನು ನೆಲದ ಮೇಲೆ ಕುಳಿತೆ.

ಬೀಸುವಾಗ ಹಾಡು ಸುತ್ತು ಎಣಿಸುವುದಿಲ್ಲ, ಸುತ್ತಿನ ಮೇಲೆ ತೇಲುತ್ತದೆ. ಎಡಗೈ ಹಿಡಿ ರಾಗಿ ಸುರಿಯುವಾಗ ಮಾತ್ರ ನಿಂತು ಉಸಿರೆಳೆದುಕೊಳ್ಳುತ್ತದೆ. ಇದನ್ನು ಬಾಯಲ್ಲಿ ಹೇಳಲು ಬರಲಿಲ್ಲ. ಅವರ ಪಾತ್ರೆಯ ಮುಚ್ಚಳವನ್ನು ತಿರುಗಿಸುತ್ತಾ ಅಮ್ಮನ ರಾಗವನ್ನು ಗುನುಗಿದೆ. ಪದಗಳು ಮರೆತಿದ್ದವು, ಉಸಿರು ಮರೆತಿರಲಿಲ್ಲ. ಅವರು ರೆಕಾರ್ಡಿಂಗ್ ಗುಂಡಿ ಒತ್ತಿ, ಕಣ್ಣು ಮುಚ್ಚಿ, "ಐನ್ಸ್, ಝ್ವೈ, ಡ್ರೈ" ಎಂದು ಬೆರಳು ಮಡಿಸುತ್ತಿದ್ದರು. ಇಷ್ಟು ವರ್ಷವಾದರೂ ತಾಳ ಎಣಿಸುವುದು ಜರ್ಮನಿನಲ್ಲೇ.

ಎರಡು ವಾರದ ಮೇಲೆ ಡೈರೆಕ್ಟರ್ ಒಪ್ಪಿದರು. ಪಿಯಾನೊ ತೆಗೆದುಹಾಕಿ ನನ್ನ ದನಿಯನ್ನೇ ಉಳಿಸಿಕೊಂಡಿದ್ದಾರೆ. ಮುದುಕರು ಮೆಟ್ಟಿಲಿಳಿದು ಬಂದು ನನಗೆ ಕೈಮುಗಿದರು. ನಾನೂ ತಲೆ ತಗ್ಗಿಸದೆ ಮುಗಿದೆ.

"ಅಜ್ಜಿ, ಸಿನಿಮಾದ ಕೊನೇಲಿ ನಿನ್ನ ಹೆಸರು ಬರುತ್ತೆ! ಊರೂ ಹಾಕ್ತಾರಂತೆ. ಈ ಕಾಗದದಲ್ಲಿ ಮೆಟುಚೆನ್ ಅಂತ ಬರೀಲಾ?"

"ಚೆನ್ನಾಗಿ ಹೇಳ್ದೆ! ನಮ್ಮೂರ ಹೆಸರು ಬರಿ."

ಅವಳು ಪೆನ್ನು ಊರುವಷ್ಟರಲ್ಲಿ ಕೈ ಹಿಡಿದೆ. ಆ ಊರಿನಲ್ಲಿ ಗಂಡಸರ ಮುಂದೆ ನಾನು ಒಂದು ದಿನವೂ ದನಿ ಎತ್ತಿದವಳಲ್ಲ. ನಿಮ್ಮ ತಾತ ಕೂಡ ನನ್ನ ಹಾಡು ಕೇಳಿರಲಿಲ್ಲ. ರಾಗ ಆ ಊರಿನದು, ಕೇಳಿದ್ದು ಈ ಊರು.

ಕಾಗದವನ್ನು ಶುಕ್ರವಾರ ಕೊಡಬೇಕು. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಟ್ಟಿದ್ದೇನೆ. ಹೆಸರು ತುಂಬಿದೆ, ಊರಿನ ಜಾಗ ಖಾಲಿ ಇದೆ.