ಗೊಣಗಮ್ಮನ ಬೆನ್ನಿನ ಕುಂಕುಮ

ಪ್ರತಿ ವರ್ಷ ಆಯುಧಪೂಜೆಯ ಮಧ್ಯಾಹ್ನ, ಊಟ ಮುಗಿದು ಎಲೆ ಎತ್ತುವ ಹೊತ್ತಿಗೆ, ನಂಜನಗೂಡಿನ ನಮ್ಮ ಮನೆಯ ಫೋನ್ ಹೊಡೆದುಕೊಳ್ಳುತ್ತಿತ್ತು. ಮಾವನವರು ಅಕ್ಕಿ ಮಂಡಿಯ ವ್ಯಾಪಾರಕ್ಕೆಂದು ಹಾಕಿಸಿದ್ದ ಕಪ್ಪು ಫೋನ್ ಅದು. ಆ ಮಧ್ಯಾಹ್ನ ಮಾತ್ರ ಅದು ನನಗಾಗಿ ಹೊಡೆದುಕೊಳ್ಳುತ್ತಿತ್ತು. ಆ ಕಡೆ ಟಿ. ನರಸೀಪುರದಿಂದ ನನ್ನ ಬಾಲ್ಯದ ಗೆಳತಿ. ಕ್ಷೇಮ ಸಮಾಚಾರ ಇಲ್ಲ, ಏನಿಲ್ಲ, ಒಂದೇ ಮಾತು.

"ನಿನ್ ಗೊಣಗಮ್ಮಂಗೆ ಕುಂಕುಮ ಇಟ್ಟೆ ಕಣೇ."

ನಾನು ನಗುತ್ತಿದ್ದೆ. ಅತ್ತೆ ಯಾರದು ಎಂದು ಕೇಳಿದರೆ "ನನ್ನ ಫ್ರೆಂಡು, ಹಬ್ಬದ ವಿಶ್ ಮಾಡಿದಳು" ಎನ್ನುತ್ತಿದ್ದೆ. ಅದೂ ಸುಳ್ಳೇನಲ್ಲ.

ಗೊಣಗಮ್ಮ ಎಂದರೆ ನನ್ನ ಬೇಸ್ ಗಿಟಾರ್. ಬೆಂಗಳೂರಿನ ಒಂದು ಹೋಟೆಲಿನ ಬ್ಯಾಂಡ್ ಮುಚ್ಚಿದಾಗ ನನ್ನ ಸೋದರಮಾವ ತಂದುಕೊಟ್ಟದ್ದು. ಅಂಚಿನಲ್ಲಿ ಕಪ್ಪು, ನಡುವೆ ಬೆಲ್ಲದ ಪಾಕದ ಬಣ್ಣ, ಎದೆಯ ಮೇಲೆ ಆಮೆಚಿಪ್ಪಿನ ಹಾಗೆ ಕಾಣುವ ಪ್ಲೇಟು. ನಾಲ್ಕೇ ತಂತಿ, ಆದರೆ ಕೊರಳಿಗೆ ಹಾಕಿಕೊಂಡರೆ ತುಂಬಿದ ಕೊಡ ಸೊಂಟಕ್ಕೆ ಬಂದ ಹಾಗೆ. ಮೈಸೂರಿನ ಕಾನ್ವೆಂಟಿನಲ್ಲಿ ನಾನು ಬೋರ್ಡಿಂಗ್‌ನಲ್ಲಿದ್ದಾಗ ಕ್ವಯರ್‌ಗೆ ಗಿಟಾರ್ ಕಲಿಸುತ್ತಿದ್ದ ಸಿಸ್ಟರ್ ಒಬ್ಬರು ನನ್ನ ಉದ್ದ ಬೆರಳು ನೋಡಿ, "ಯೂ ಆರ್ ಎ ಬೇಸ್ ಗರ್ಲ್" ಎಂದಿದ್ದರು. ಬೇಸ್ ಎಂದರೆ ಗುಡ್ ಮ್ಯಾನರ್ಸ್ ಇದ್ದ ಹಾಗೆ, ಇದ್ದಾಗ ಯಾರೂ ಗಮನಿಸುವುದಿಲ್ಲ, ಇಲ್ಲದಿದ್ದರೆ ಎಲ್ಲರಿಗೂ ಗೊತ್ತಾಗುತ್ತದೆ ಎಂದು ಅವರು ಹೇಳುತ್ತಿದ್ದರು. ನನಗೆ ಆ ಕೆಲಸ ಹಿಡಿಸಿತು.

ಓದು ಮುಗಿಸಿ ಊರಿಗೆ ಬಂದ ಮೇಲೆ ನಾನೂ ಗೆಳತಿಯೂ ಒಂದು ಆರ್ಕೆಸ್ಟ್ರಾ ಸೇರಿದೆವು. ಅವಳು ಹಾಡುವುದು, ನಾನು ಬೇಸ್. ಹಾಡುವಾಗ ಒಂದು ಹಕಾರವನ್ನೂ ಬಿಡದ ಅವಳು ಮಾತಾಡುವಾಗ ಒಂದನ್ನೂ ಉಳಿಸುತ್ತಿರಲಿಲ್ಲ. ಮೂಗೂರಿನಲ್ಲಿ ಒಂದು ಮದುವೆಯ ಸಂಜೆ, ಹಾಡು ಶುರುವಾಗುವ ಮುಂಚೆ ನಾನು ತಂತಿ ಶ್ರುತಿ ಮಾಡುತ್ತಿದ್ದೆ. ಮುಂದೆ ಕೂತಿದ್ದವನೊಬ್ಬ ಕೂಗಿದ:

"ಅಕ್ಕೋ, ಆ ದಪ್ಪ ಗಿಟಾರು ಯಾಕಕ್ಕ ಇಂಗ್ ಗೊಣಗ್ತದೆ? ಅಟ್ಟೀಲಿ ನಮ್ಮವ್ವ ಗೊಣಗ್ದಂಗೇ ಅದಲ್ಲ!"

ನಾನು ನಾಚಿ ತಲೆ ತಗ್ಗಿಸಿದೆ. ಗೆಳತಿ ಮೈಕನ್ನು ಹತ್ತಿರ ಎಳೆದುಕೊಂಡು, "ಗೊಣಗೋರ್ ಇಲ್ದಿದ್ರೆ ಅಟ್ಟಿ ನಡೀತದಾ ಅಣ್ಣಾ? ಓಗಿ ನಿಮ್ಮವ್ವನ್ನೇ ಕೇಳು" ಎಂದಳು. ಚಪ್ಪರವೆಲ್ಲ ನಕ್ಕಿತು. ಅವತ್ತಿನಿಂದ ಅದು ಗೊಣಗಮ್ಮ.

ಅದರ ಸದ್ದನ್ನು ಹೇಗೆ ಹೇಳಲಿ? ಕಿವಿಗಿಂತ ಮುಂಚೆ ಅದು ಅಂಗಾಲಿಗೆ ಬರುತ್ತಿತ್ತು. ಈಗಿನ ಗಿಟಾರುಗಳ ಹಾಗೆ ಝಣ್ ಎಂದು ಮಿಂಚುವ ಸದ್ದಲ್ಲ. ಅದರ ತಂತಿಗಳಿಗೆ ಸುತ್ತಿದ ಲೋಹ ಚಪ್ಪಟೆ, ಬೆರಳು ಜಾರಿದರೂ ಕಿರ್ ಎನ್ನುತ್ತಿರಲಿಲ್ಲ. ಹಳತಾದಷ್ಟೂ ಅವುಗಳ ಕೀರಲು ಸತ್ತು ಸ್ವರದ ತಿರುಳು ಮಾತ್ರ ಉಳಿಯುತ್ತಿತ್ತು, ಅದಕ್ಕೇ ನಾನು ಅವನ್ನು ಬದಲಾಯಿಸುತ್ತಲೇ ಇರಲಿಲ್ಲ. ಮೀಟಿದರೆ ದುಮ್ ಎಂದು ದುಂಡಗೆ ಎದ್ದು, ತನ್ನ ಕೆಲಸ ಮುಗಿಸಿ ಕೂತುಬಿಡುವ ಸದ್ದು. ಪಕ್ಕದ ಮನೆಯಲ್ಲಿ ಒನಕೆ ಹಾಕುವಾಗ ನಮ್ಮ ಗೋಡೆಗೆ ಬರುತ್ತದಲ್ಲ, ಹಾಗೆ. ಸ್ವರ ಉದ್ದಕ್ಕೆ ಹರಿದರೆ ಅವಳ ಹಾಡಿನ ಮಾತು ಮುಳುಗೀತು ಎಂದು ಬದನವಾಳಿನ ಖಾದಿ ತುಂಡೊಂದನ್ನು ಮಡಿಸಿ ತಂತಿಗಳ ಬುಡಕ್ಕೆ ತುರುಕುತ್ತಿದ್ದೆ. ಮಿಲ್ ಬಟ್ಟೆ ಜಾರುತ್ತದೆ, ಖಾದಿ ಕಚ್ಚಿಕೊಳ್ಳುತ್ತದೆ. ಚಾಪೆ ಮೇಲೆ ಮುಂದೆ ಕೂತ ಹೆಂಗಸರ ಮಡಿಲಲ್ಲಿ ಮಕ್ಕಳು ನಿದ್ದೆ ಹೋಗುತ್ತಿದ್ದವು. ಅಷ್ಟು ಗಲಾಟೆಯಲ್ಲಿ ಹೇಗೆ ಮಲಗುತ್ತವೆ ಎಂದು ಜನ ಆಶ್ಚರ್ಯಪಡುತ್ತಿದ್ದರು. ನನಗೆ ಗೊತ್ತಿತ್ತು.

ಆಯುಧಪೂಜೆ ದಿನ ಅಮ್ಮ ಮಚ್ಚು, ಈಳಿಗೆಮಣೆ, ಹೊಲಿಗೆ ಮೆಷಿನ್ನು ಎಲ್ಲದಕ್ಕೂ ಕುಂಕುಮ ಇಟ್ಟು ಗಿಟಾರಿನ ಹತ್ತಿರ ಬಂದರೆ ನಾನು ಅಡ್ಡ ನಿಲ್ಲುತ್ತಿದ್ದೆ. "ಅಮ್ಮಾ ಪ್ಲೀಸ್, ಸ್ಟೇಜ್ ಮೇಲೆ ಎಲ್ಲರಿಗೂ ಕಾಣುತ್ತೆ. ಇಟ್ ಲುಕ್ಸ್ ಸೋ ಸಿಲ್ಲಿ."

"ಮುಖಕ್ಕೆ ಬ್ಯಾಡ ಅಂದ್ರೆ ಬೆನ್ನಿಗಿಡ್ತೀನಿ ಬಿಡು. ನಿನ್ ಇಂಗ್ಲಿಷ್ನೋರು ಬೆನ್ನೇನ್ ನೋಡಲ್ವಲ್ಲ."

ಗೆಳತಿ ಗಿಟಾರನ್ನು ತನ್ನ ಮಡಿಲಲ್ಲಿ ಬೋರಲು ಹಾಕಿಕೊಳ್ಳುತ್ತಿದ್ದಳು. ಬೆನ್ನಿನಲ್ಲಿ, ಕುತ್ತಿಗೆ ಮೈಗೆ ಸೇರುವ ಕಡೆ, ಒಂದು ಸ್ಟೀಲ್ ಪ್ಲೇಟು, ಅದಕ್ಕೆ ನಾಲ್ಕು ಮೂಲೆಗೆ ನಾಲ್ಕು ಸ್ಕ್ರೂ. ಅಮ್ಮ ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಒಂದೊಂದು ಸ್ಕ್ರೂವಿನ ತಲೆಗೂ ಇಡುತ್ತಿದ್ದಳು. ಸ್ಕ್ರೂವಿನ ಸೀಳಿನಲ್ಲಿ ಅದು ಕೂತು, ಗಟ್ಟಿಯಾಗಿ, ವರ್ಷವೆಲ್ಲ ಇರುತ್ತಿತ್ತು. ಎಷ್ಟು ಒರೆಸಿದರೂ ಹೋಗುತ್ತಿರಲಿಲ್ಲ.

ಆಮೇಲೆ ನಂಜನಗೂಡಿನ ಮಂಡಿ ಮನೆಯಿಂದ ಸಂಬಂಧ ಬಂತು. ಮದುವೆ ಮಾತುಕತೆಯಲ್ಲಿ ಗಿಟಾರಿನ ವಿಷಯ ಬರಲಿಲ್ಲ, ಬಾರದ ಹಾಗೆ ಹಿರಿಯರು ನೋಡಿಕೊಂಡರು. ಗೆಳತಿ ಅದನ್ನು ಹೊತ್ತುಕೊಂಡು ಹೋದಳು. "ನಮ್ಮಟ್ಟದ್ ಮೇಲೆ ಮಡಗಿರ್ತೀನಿ. ನಿಂಗ್ ಯಾವಾಗ್ ಬೇಕೋ ಆವಾಗ್ ಬಾರೇ. ನಾನೆಲ್ಲಿಗ್ ಓಯ್ತೀನಿ?"

ನಾನು ಅವಳ ಮನೆಗೆ ಹೋಗುತ್ತಿದ್ದೆ. ವರ್ಷಕ್ಕೊಮ್ಮೆಯಾದರೂ ಹೋಗುತ್ತಿದ್ದೆ. ನನ್ನ ಕಣ್ಣು ಅಟ್ಟದ ಕಡೆ ಹೋದದ್ದು ನೋಡಿ ಅವಳೇ ಕೇಳುವಳು: "ಇಳ್ಸ್ಲಾ?"

"ಬೇಡ ಕಣೇ. ನೋಡಿಬಿಟ್ಟರೆ ಬಿಟ್ಟು ಹೋಗೋಕಾಗಲ್ಲ."

ಒಂದು ಸಲ ಆಯುಧಪೂಜೆಯ ಫೋನಿನಲ್ಲಿ, "ಒಂದು ತಂತಿ ಮೀಟೇ, ಕೇಳ್ತೀನಿ" ಎಂದೆ. "ಫೋನ್ ಕೆಳ್ಗೆ, ಗೊಣಗಮ್ಮ ಅಟ್ಟದ್ ಮೇಲೆ. ವೈರ್ ಎಳ್ಕಂಡು ಏಣಿ ಅತ್ಲಾ?" ಎಂದಳು. ನಾನು ಎಷ್ಟು ನಕ್ಕೆನೆಂದರೆ ಅತ್ತೆ ಒಳಗಿನಿಂದ ಎದ್ದು ಬಂದರು.

ಅತ್ತೆ ಹೋದ ಮೇಲೆ ಒಂದು ದಿನ ನಮ್ಮ ಯಜಮಾನರು, ಪಾಪ, ತಾವಾಗಿಯೇ ಹೇಳಿದರು: "ನೀನು ಗಿಟಾರ್ ನುಡಿಸ್ತಿದ್ದೆಯಂತೆ. ಬೇಕಾದರೆ ಒಂದು ತಗೋ. ಮೈಸೂರಿಗೆ ಹೋಗಿ ಬರೋಣ." ನನ್ನ ಕಣ್ಣಲ್ಲಿ ನೀರು ಬಂತು. "ಬೇಡ, ನಂಗೆ ಇದೆ" ಎಂದೆ. ನಮ್ಮ ಬೀದಿಯ ಭಜನೆ ಗುಂಪಿನವರು ಕೇಳಿದಾಗಲೂ ಅದೇ ಮಾತು: ನಂದು ಒಂದಿದೆ, ತರ್ತೀನಿ ಯಾವಾಗಲಾದರೂ. ಮನೆ ತುಂಬ ಜನ, ಮಕ್ಕಳ ಪರೀಕ್ಷೆ, ಬಾಣಂತನ, ಯಜಮಾನರ ಕಾಯಿಲೆ. ಯಾವಾಗಲಾದರೂ ಎಂಬುದು ಬರಲೇ ಇಲ್ಲ. ಆದರೂ ನನಗೆ ಅವಸರವಿರಲಿಲ್ಲ. ಅಲ್ಲಿ ಅದು ಇತ್ತಲ್ಲ.

ಈ ಬೇಸಿಗೆಯಲ್ಲಿ ನನ್ನ ಎಡಗೈಯ ಉಂಗುರಬೆರಳು ಮಡಿಚಲು ಹಟ ಹಿಡಿಯಿತು. ಗೆಣ್ಣುಗಳು ಶುಂಠಿಯ ಹಾಗೆ ಊದಿವೆ. ಔಷಧಿಯಿಂದ ನೋವು ಕಡಿಮೆಯಾಗುತ್ತದೆ, ಬೆರಳು ಮೊದಲಿನ ಹಾಗಾಗುವುದಿಲ್ಲ ಎಂದರು ಡಾಕ್ಟರ್. ಯಜಮಾನರು ಹೋಗಿ ಕೆಲವು ವರ್ಷವಾಯಿತು. ಸೊಸೆ ಒಳ್ಳೆಯ ಹುಡುಗಿ, "ತಂದುಬಿಡಿ ಅತ್ತೆ, ಹಾಲ್‌ನಲ್ಲೇ ಇಡೋಣ" ಎಂದಳು. ಬೆರಳು ಪೂರ್ತಿ ಬಿಗಿದುಕೊಳ್ಳುವುದಕ್ಕೆ ಮುಂಚೆ ಒಂದು ಸಲ ನನ್ನ ಗೊಣಗಮ್ಮನನ್ನು ನುಡಿಸಬೇಕು. ನನಗೆ ಬೇಕಾದದ್ದು ಅಷ್ಟೇ. ಗೆಳತಿಗೆ ಫೋನ್ ಮಾಡಿ, "ಇಳಿಸೇ, ಬರ್ತಿದ್ದೀನಿ" ಎಂದೆ.

ಆ ಕಡೆ ಅವಳು ಕೈಲಿದ್ದ ಪಾತ್ರೆ ಕೆಳಗಿಟ್ಟ ಸದ್ದಾಯಿತು. ಆಮೇಲೆ, "ಈಗ್ಲೇನಾ? ಒಂದ್ ತಿಂಗ್ಳು ತಡ್ಕಂಡ್ ಬಾ. ಅಟ್ಟಕ್ಕೆ ಗೆದ್ಲು ಔಸ್ದಿ ಒಡ್ಸಿದೀನಿ, ಮೂಗ್ ಬಿಡಕ್ಕಾಗಲ್ಲ."

ತಿಂಗಳು ಕಾದು ಬಸ್ಸು ಹತ್ತಿದೆ. ನಮ್ಮೂರ ಕಪಿಲೆಯೇ ಅವಳ ಮನೆಯ ಹಿಂದೆಯೂ ಹರಿಯುವುದು, ಇನ್ನೊಂದಷ್ಟು ದೂರ ಹೋಗಿ ಕಾವೇರಿಗೆ ಸೇರುತ್ತದೆ. ಶಾವಿಗೆ, ಕಾಯಿಹಾಲು ಮಾಡಿದ್ದಳು. ನನಗೆ ತಿನ್ನುವಷ್ಟು ವ್ಯವಧಾನ ಎಲ್ಲಿತ್ತು! ಮಂಚದ ಮೇಲೆ ಬಿಳೀ ಪಂಚೆ ಹಾಸಿ ಅದರ ಮೇಲೆ ಮಲಗಿಸಿದ್ದಳು. ಅದೇ ಕಪ್ಪು ಅಂಚು, ಅದೇ ಬೆಲ್ಲದ ಪಾಕ, ಅದೇ ಆಮೆಚಿಪ್ಪು. ಪಕ್ಕದಲ್ಲಿ ಒಂದು ಪುಟ್ಟ ಸ್ಪೀಕರ್.

ತೊಡೆಯ ಮೇಲೆ ಇಟ್ಟುಕೊಂಡು ಹೆಬ್ಬೆರಳಿನಿಂದ ಮೇಲಿನ ತಂತಿ ಮೀಟಿದೆ. ದುಮ್. ನನ್ನ ಅಂಗಾಲಿಗೆ ಮೊದಲು ತಿಳಿಯಿತು. ಚಪ್ಪಟೆ ತಂತಿ, ಕೀರಲಿಲ್ಲದ ದುಂಡು ಸ್ವರ, ಗೋಡೆಯೊಳಗಿನ ಒನಕೆ. ಉಂಗುರಬೆರಳು ಮುಷ್ಕರ ಹೂಡಿದರೂ ಉಳಿದವು ದಾರಿ ಮರೆತಿರಲಿಲ್ಲ. ಗೆಳತಿ ಬಾಗಿಲಿಗೆ ಒರಗಿಕೊಂಡು ನಮ್ಮ ಹಳೆಯ ಹಾಡೊಂದನ್ನು ಗುನುಗತೊಡಗಿದಳು. ಗಂಟಲು ಸವೆದಿದೆ, ಹಕಾರ ಸವೆದಿಲ್ಲ. ನಾನು ಅಳುತ್ತ ನುಡಿಸಿದೆ. ಐ ವಾಸ್ ಸೋ ಹ್ಯಾಪಿ.

ಹಾಡು ಮುಗಿದ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಅದರ ಮೈ ಸವರಿದೆ. ಮೇಲಿನ ಅಂಚಿನಲ್ಲಿ, ಬಲಗೈ ಒರಗುವ ಕಡೆ, ಬಣ್ಣ ಹೋಗಿ ಮರ ಕಾಣುತ್ತಿತ್ತು. ಅರ್ಧ ತೋಳಿನ ಶರಟು ಹಾಕಿದ ಗಂಡಸಿನ ಬರಿ ತೋಳು ವರ್ಷಗಟ್ಟಲೆ ಉಜ್ಜಿದ ಗುರುತು. ನನ್ನದರಲ್ಲಿ ಆ ಜಾಗದ ಬಣ್ಣ ಹಾಗೇ ಇತ್ತು, ನನ್ನ ಕೈ ಅಲ್ಲಿ ಯಾವತ್ತೂ ಒರಗಿರಲಿಲ್ಲ. ಸೆರಗು ಜಾರೀತೆಂದು ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡೇ ನುಡಿಸುತ್ತಿದ್ದೆ. ನನ್ನ ಗಾಜಿನ ಬಳೆ ಕೆರೆದ ಗೀರುಗಳಿದ್ದದ್ದು ತಂತಿಗಳ ಕೆಳಗೆ, ಆಮೆಚಿಪ್ಪಿನ ಪ್ಲೇಟಿನ ಮೇಲೆ. ಇಲ್ಲಿ ಆ ಪ್ಲೇಟು ಕನ್ನಡಿಯ ಹಾಗಿತ್ತು.

ತಿರುಗಿಸಿ ಬೋರಲು ಹಾಕಿದೆ. ನಾಲ್ಕು ಸ್ಕ್ರೂ. ಸೀಳುಗಳಲ್ಲಿ ಏನೂ ಇಲ್ಲ.

"ಕುಂಕುಮ ಎಲ್ಲೇ?" ಎಂದು ಕೇಳಿದೆ.

"ನೀನ್ ಬತ್ತೀಯ ಅಂತ ಒರ್ಸ್‌ಬುಟ್ಟೆ."

"ಎಲ್ಲಿಂದ ಒರೆಸಿದೆ?"

ಅವಳು ಹತ್ತಿರ ಬಂದು, ಗಿಟಾರನ್ನು ಮತ್ತೆ ಮುಖ ಮೇಲಾಗಿ ತಿರುಗಿಸಿ, ಎದೆಯ ಪ್ಲೇಟಿನ ಮೇಲೆ ಬೆರಳಿಟ್ಟಳು. "ಇಲ್ಲಿಂದ. ವರ್ಸಾ ವರ್ಸಾ ಇಲ್ಲೇ ಅಲ್ವಾ ಇಡ್ತಿದ್ದಿದ್ದು?"

ನಾನು ಅವಳ ಮುಖ ನೋಡಿದೆ. ಅವಳ ಮಡಿಲಲ್ಲೇ ಅಲ್ಲವೇ ಅಮ್ಮ ಅದನ್ನು ಬೋರಲು ಹಾಕಿಸುತ್ತಿದ್ದದ್ದು? ಅವಳಿಗೂ ಆಗ ನೆನಪಾಗಿರಬೇಕು, ಬೆರಳು ನಿಧಾನವಾಗಿ ಹಿಂದಕ್ಕೆ ಹೋಯಿತು.

"ಇದು ಯಾವುದೇ?"

"ತರ್ಸಿದ್ದು ಕಣೇ. ನಮ್ಮಿಬ್ರ ಅಳೇ ಫೋಟೋ ತೋರ್ಸಿ, ಇಂಥದ್ದೇ ಬೇಕು ಅಂತ ಬೆಂಗ್ಳೂರಲ್ಲಿ ಉಡ್ಕಿಸ್ದೆ. ಇಂಥವು ಈಗ ಒಸಾದೇ ಬತ್ತವಂತೆ, ಅಳೇದ್ರಂಗೇ."

ಅದು ನನಗೂ ಗೊತ್ತು. ವಿಂಟೇಜ್ ಸ್ಟೈಲ್ ಎನ್ನುತ್ತಾರೆ, ಮೊಮ್ಮಗಳ ಟ್ಯಾಬ್‌ನಲ್ಲಿ ನೋಡಿದ್ದೇನೆ. ಹೊಸ ಮರಕ್ಕೆ ಹಳೇ ಆಕಾರ, ಹಳೇ ಬಣ್ಣ, ಹಳೇ ತಂತಿ. ಕೆಲವನ್ನು ಫ್ಯಾಕ್ಟರಿಯಲ್ಲೇ ಉಜ್ಜಿ ಸವೆಸಿ ಕೊಡುತ್ತಾರೆ. ಎಲ್ಲ ಮಾಡುತ್ತಾರೆ. ಫೋಟೋದಲ್ಲಿ ಬೆನ್ನು ಇರಲಿಲ್ಲ, ಅಷ್ಟೇ.

"ನನ್ನದು?"

ಅವಳು ಮಂಚದ ತುದಿಯಲ್ಲಿ ಕೂತಳು. "ನೀನ್ ಓದ್ಮೇಲೆ ಬೇಸ್‌ಗೆ ಅಂತ ಇನ್ನೊಬ್ಬ ಬಂದ. ಅವನತ್ರ ಗಿಟಾರ್ ಇರ್ನಿಲ್ಲ, ಕೊಟ್ಟೆ. ತಲಕಾಡಿಂದ ಬರೋವಾಗ ವ್ಯಾನ್ ಮೇಲೆ ಕಟ್ಟಿದ್ದ, ಮಳೆ ಸುರೀತು. ಕತ್ತು ಸೊಟ್ಟಗಾಗಿ, ಮೈ ಬಾಯ್ ಬಿಟ್ಕತ್ತು. ಎಲ್ಲೋ ಬಿಸಾಕ್ದ."

"ಯಾವಾಗ?"

"ನಿನ್ ಮದ್ವೆ ಆದ್ ವರ್ಸಾನೇ."

"ಮೊದಲನೇ ಆಯುಧಪೂಜೆಗೆ?"

"ಆಗ್ಲೇ ಇರ್ನಿಲ್ಲ."

"ಮತ್ತೆ ಯಾಕೆ ಫೋನ್ ಮಾಡಿದೆ?"

"ನಿಜ ಏಳಣ ಅಂತ್ಲೇ ಮಾಡ್ದೆ. ನೀನ್ ಅಲೋ ಅಂದಿದ್ ಕೇಳಿ ಬಾಯಿಗ್ ಬರ್ನಿಲ್ಲ. ಕುಂಕುಮ ಇಟ್ಟೆ ಅಂದ್‌ಬುಟ್ಟೆ. ನೀನ್ ಎಂಗ್ ನಕ್ಕೆ ಗೊತ್ತಾ? ಆಮೇಲ್ ಪ್ರತಿ ವರ್ಸ ಇಡ್ಲೇಬೇಕಾಯ್ತು." ಈಗ ಸಿಟ್ಟಿನಿಂದ: "ನೀನ್ ಓದೆ ಅಂತ ನಾನ್ ಆಡೋದ್ ಬಿಡ್ಬೇಕಿತ್ತಾ? ಬೇಸ್ ಇಲ್ದೆ ಎಂಗ್ ಆಡ್ಲಿ?"

ಹಾಡಲಿ, ಯಾರು ಬೇಡವೆಂದರು? ಮರವೂ ತಂತಿಯೂ ಒಂದು ದಿನ ಹಾಳಾಗತಕ್ಕದ್ದೇ. ಮಳೆಗೆ ಸಿಕ್ಕಿ ಸತ್ತಿತೆಂದು ಹೇಳಿದ್ದರೆ ಒಂದು ವಾರ ಅತ್ತು, ನಮ್ಮ ಯಜಮಾನರು ಕೇಳಿದ ದಿನ ಹೂಂ ಎಂದು ಮೈಸೂರಿನ ಬಸ್ಸು ಹತ್ತುತ್ತಿದ್ದೆ. ಬೆರಳು ಚೆನ್ನಾಗಿದ್ದ ವರ್ಷಗಳು ಅವು. "ನಂಗೆ ಇದೆ, ನಂಗೆ ಇದೆ" ಎಂದುಕೊಂಡು ಕೂತೆನಲ್ಲ. ಇಲ್ಲದ್ದನ್ನು ಇದೆ ಎಂದು ನಂಬಿಸಿ, ಇರಬಹುದಾಗಿದ್ದನ್ನೂ ತಪ್ಪಿಸಿದಳು. ಮತ್ತೆ ಆ "ಇಳ್ಸ್ಲಾ?" ಖಾಲಿ ಅಟ್ಟದ ಕೆಳಗೆ ನಿಂತು ನನ್ನ ಕಣ್ಣಲ್ಲಿ ಕಣ್ಣಿಟ್ಟು ಕೇಳುತ್ತಿದ್ದಳಲ್ಲ, ಒಂದು ಸಲ ನಾನು ಇಳಿಸು ಎಂದಿದ್ದರೆ? ನಾನು ಅನ್ನುವುದಿಲ್ಲ ಎಂದು ಅವಳಿಗೆ ಅಷ್ಟು ಚೆನ್ನಾಗಿ ಗೊತ್ತಿತ್ತು. ನನ್ನನ್ನು ಅಷ್ಟು ಬಲ್ಲವರು ಬೇರೆ ಯಾರೂ ಇಲ್ಲ.

ನಾನು ಚಪ್ಪಲಿ ಮೆಟ್ಟಿಕೊಂಡೆ.

"ನಿಂಗೇ ಅಂತ ತರ್ಸಿದ್ದು, ತಗಂಡೋಗೆ. ಸದ್ದು ಅದೇ ಅಲ್ವಾ?"

"ಅದೇ," ಎಂದೆ. ಸುಳ್ಳು ಹೇಳಲು ನನಗೆ ಆಗಲಿಲ್ಲ. "ಬಟ್ ಇಟ್ಸ್ ನಾಟ್ ಮೈನ್." ಬಸ್ಸಿನಲ್ಲಿ ಎಂಜಿನ್ನಿನ ನಡುಕ ಅಂಗಾಲಿಗೆ ಬರುತ್ತಿತ್ತು, ಕಾಲು ಎತ್ತಿ ಸೀಟಿನ ಮೇಲೆ ಮಡಿಚಿ ಕೂತೆ.

ಆಯುಧಪೂಜೆ ಬಂತು. ಫೋನ್ ಬರಲಾರದು ಎಂದುಕೊಂಡಿದ್ದೆ. ಬಂದರೆ ಎತ್ತಬಾರದು ಎಂದೂ ಅಂದುಕೊಂಡಿದ್ದೆ. ಎಲೆ ಎತ್ತುವ ಹೊತ್ತಿಗೆ ನನ್ನ ಮೊಬೈಲ್ ಹೊಡೆದುಕೊಂಡಿತು. ಕೈ ತಾನಾಗಿ ಹೋಯಿತು, ಅಭ್ಯಾಸ ನೋಡಿ.

"ಕುಂಕುಮ ಇಟ್ಟೆ ಕಣೇ," ಎಂದಳು. ಹಿಂದೆಯೇ, "ಬೆನ್ನಿಗೆ. ನಾಕಕ್ಕೂ. ಎಣ್ಣೇಲಿ ಕಲ್ಸಿ."

ಅದೇ ಗಂಟಲು, ಅದೇ ಮಾತು. ಇಲ್ಲದ ಗಿಟಾರಿಗೆ ಇಟ್ಟಾಗಲೂ ಹೀಗೇ ಹೇಳುತ್ತಿದ್ದಳು. ಅಷ್ಟು ವರ್ಷ ಒಂದು ದಿನವೂ ಬಾರದ ಅನುಮಾನ, ನಿಜವಾಗಿಯೂ ಇಟ್ಟಿರಬಹುದಾದ ಈ ವರ್ಷ ಬಂತು. ಈಗ ಮೊಬೈಲು, ಎಳೆಯಲು ವೈರೂ ಇಲ್ಲ.

"ಒಂದು ತಂತಿ ಮೀಟು," ಎಂದೆ.

ಮಂಚ ಕಿರುಗುಟ್ಟಿತು. ಬಳೆ ಸದ್ದಾಯಿತು. ನಾನು ಫೋನನ್ನು ಕಿವಿಗೆ ಒತ್ತಿಕೊಂಡೆ. ಆದರೆ ಫೋನಿನಲ್ಲಿ ಬೇಸ್ ಬರುವುದಿಲ್ಲ, ಅಷ್ಟು ಚಿಕ್ಕ ಸ್ಪೀಕರಿಗೆ ಆ ಸ್ವರ ಎತ್ತಲು ಆಗುವುದಿಲ್ಲ. ಉಗುರು ಲೋಹಕ್ಕೆ ತಾಗಿದ ಟಕ್ ಎಂಬ ಸದ್ದಷ್ಟೇ ಬಂತು. ಅದು ತಂತಿಯದೂ ಇರಬಹುದು, ಪಾತ್ರೆಯದೂ ಇರಬಹುದು.

"ಕೇಳಿಸ್ತಾ?" ಎಂದಳು. "ಏನೇ, ಕೇಳಿಸ್ತಾ?"

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದೆ. ಅವಳು ಮತ್ತೆ ಮೀಟಿದಳು.